ಮಟಕಿ ಬರುವ ಊರಿಗೆ

ಪುಣೆಗೆ ಬಂದ ಕನ್ನಡಿಗ ಮೊದಲ ವಾರದಲ್ಲೇ ಮಿಸಳ ತಿಂದಿರುತ್ತಾನೆ. ಅದರೊಳಗಿನ ಮೊಳಕೆ ಕಾಳಿಗೆ ಇಲ್ಲಿ ಮಟಕಿ ಅನ್ನುತ್ತಾರೆ. ನಮ್ಮ ಗದಗ, ಧಾರವಾಡದ ಕಡೆ ಅದೇ ಮಡಕಿಕಾಳು. ಎಲ್ಲಿಂದ ಬರುತ್ತದೆ ಎಂದು ಪುಣೆಯವರನ್ನು ಕೇಳಿದರೆ ‘ಮಾರ್ಕೆಟ್ ಯಾರ್ಡ್‌ನಿಂದ’ ಎಂದು ಹೇಳಿ ಮುಗಿಸುತ್ತಾರೆ. ಸರಿ, ಮಾರ್ಕೆಟ್ ಯಾರ್ಡ್‌ಗೆ ಎಲ್ಲಿಂದ? ದೇಶದ ಮಟಕಿಯಲ್ಲಿ ಬಹುಪಾಲು ಬೆಳೆಯುವುದು ರಾಜಸ್ಥಾನದಲ್ಲಿ, ಅದರಲ್ಲೂ ಥಾರ್ ಮರುಭೂಮಿಯ ಜಿಲ್ಲೆಗಳಲ್ಲಿ. ಮಳೆ ಒಂದೆರಡು ಸಲ ಬಂದು ಹೋದರೂ ಸಾಕು, ಈ ಬಳ್ಳಿ ಉಸುಕಿನ ಮೇಲೆ ಚಾಪೆ ಹಾಸಿದ ಹಾಗೆ ಹಬ್ಬಿ, ಗಾಳಿಗೆ ಉಸುಕು ಹಾರದಂತೆ ನೆಲವನ್ನೂ ಹಿಡಿದುಕೊಳ್ಳುತ್ತದೆ. ಬಿಕಾನೇರಿ ಭುಜಿಯಾ ಆಗುವುದೂ ಇದೇ ಕಾಳಿನ ಹಿಟ್ಟಿನಿಂದ.

ಈ ವಿಷಯ ನನಗೆ ಗೊತ್ತಾದದ್ದು ಯಾವ ಪುಸ್ತಕದಿಂದಲೂ ಅಲ್ಲ, ಎಂಸಿಎ ಓದುವಾಗಿನ ಗೆಳೆಯನೊಬ್ಬನ ಅಪ್ಪನ ಗಾಳಾದಲ್ಲಿ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ನೋಡದವರಿಗೆ ಒಂದು ಮಾತು: ಅದು ಒಂದು ಮಾರುಕಟ್ಟೆಯಲ್ಲ, ಹಲವು ಮಾರುಕಟ್ಟೆಗಳ ಊರು. ತರಕಾರಿ-ಹಣ್ಣಿಗೆ ಬೇರೆ, ಹೂವಿಗೆ ಬೇರೆ, ಬೆಲ್ಲ-ಕಾಳುಕಡಿಗೆ ಬೇರೆ. ಈ ಕೊನೆಯದಕ್ಕೆ ಭುಸಾರ ವಿಭಾಗ ಅನ್ನುತ್ತಾರೆ. ಸಾಲಾಗಿರುವ ಒಂದೊಂದು ಅಂಗಡಿಯೂ ಒಂದು ಗಾಳಾ. ಮುಂದೆ ಲಾರಿ, ಒಳಗೆ ಛಾವಣಿವರೆಗೆ ಮೂಟೆ, ಮೂಲೆಯಲ್ಲಿ ಬಿಳಿ ಗಾದಿ, ಗಾದಿಯ ಮೇಲೆ ಸೇಠರು. ಮೆಣಸಿನಕಾಯಿ ಓಣಿಗೆ ಹೋದರೆ ಸೀನುತ್ತಲೇ ‘ಬ್ಯಾಡಗಿ’ ಎಂದು ಮರಾಠಿಯಲ್ಲಿ ಬರೆದ ಫಲಕ ಓದಬಹುದು. ಊರಿನ ನೆನಪಾಗಲು ನಮ್ಮಂಥವರಿಗೆ ಅಷ್ಟು ಸಾಕು.

ಗೆಳೆಯನ ಹೆಸರು ಬಿಡಿ, ಕಾಲೇಜಿನಲ್ಲಿ ನಾವೆಲ್ಲ ಕರೆಯುತ್ತಿದ್ದುದು ಸೇಠ ಎಂದೇ. ಅವನ ಅಜ್ಜ ಮರುಭೂಮಿಯ ಖೀಚನ್ ಎಂಬ ಹಳ್ಳಿಯಿಂದ ಪುಣೆಗೆ ಬಂದವರು. ಅಂಗಡಿ ಮೊದಲು ನಾನಾ ಪೇಠೆಯಲ್ಲಿತ್ತು. ಸಗಟು ವ್ಯಾಪಾರ ಗುಲ್ಟೇಕಡಿಗೆ ಬಂದಾಗ ಅಂಗಡಿಯೂ ಬಂತು. ಶನಿವಾರ ಹಾಸ್ಟೆಲ್ ಊಟ ಬೇಜಾರಾದರೆ ನಾವು ಮೂವರು ಗಾಳಾಕ್ಕೆ ಹೋಗಿ ಕೂರುತ್ತಿದ್ದೆವು, ಅಲ್ಲಿಂದ ಅವನ ಮನೆಗೆ. ಜೈನರ ಮನೆ, ಸೂರ್ಯ ಮುಳುಗುವ ಮೊದಲೇ ಊಟ. ಐದೂವರೆಗೆ ಹೊಟ್ಟೆ ತುಂಬಾ ಉಂಡು, ರಾತ್ರಿ ಹತ್ತಕ್ಕೆ ಮತ್ತೆ ವಡಾಪಾವ್ ಹುಡುಕುವ ವಯಸ್ಸು ಅದು. ಅವನ ತಾಯಿಯನ್ನು ಅವನಂತೆ ನಾವೂ ‘ಮಾಸಾ’ ಎಂದು ಕರೆಯುತ್ತಿದ್ದೆವು, ತಂದೆ ಎಲ್ಲರಿಗೂ ಬಾಬೂಜಿ.

ಆ ಗಾಳಾದಲ್ಲಿ ನನಗೆ ಇನ್ನೊಬ್ಬರ ಪರಿಚಯವಾಯಿತು. ಮೊದಲ ದಿನ ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದಾಗ, ಬೆನ್ನ ಮೇಲೆ ಮೂಟೆ ಹೊತ್ತು ಹೋಗುತ್ತಿದ್ದ ಹಮಾಲರೊಬ್ಬರು ಮೂಟೆ ಇಳಿಸಿ ವಾಪಸ್ ಬಂದು, “ಯಾ ಊರು ತಮ್ಮಾ ನಿಂದು?” ಅಂದರು. ಲಕ್ಷ್ಮೇಶ್ವರ ಅಂದೆ. ಅವರದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. 1972ರ ಬರದಲ್ಲಿ ಅಪ್ಪನ ಕೈ ಹಿಡಿದು ಪುಣೆಗೆ ಬಂದ ಹುಡುಗ, ಅಪ್ಪನ ಹಿಂದೆ ತಾನೂ ಮೂಟೆ ಹೊತ್ತ. ಅಂದಿನಿಂದ ಅವರು ನನಗೆ ಕಾಕಾ. ಹಮಾಲರೆಂದರೆ ಹೇಳಕೇಳುವವರಿಲ್ಲದ ಜನ ಎಂದುಕೊಂಡರೆ ಕಾಕಾ ಒಪ್ಪುವುದಿಲ್ಲ. ಬಾಬಾ ಆಢಾವ ಕಟ್ಟಿದ ಹಮಾಲ ಪಂಚಾಯತಿಯ ಸದಸ್ಯತ್ವ, 1969ರ ಮಾಥಾಡಿ ಕಾಯ್ದೆ, ಬೋರ್ಡಿನ ಮೂಲಕ ಬರುವ ಕೂಲಿ, ಇವನ್ನೆಲ್ಲ ನನಗೆ ವಿವರಿಸಿದ್ದು ಅವರೇ. ಪಂಚಾಯತಿ 1974ರಲ್ಲಿ ಶುರುಮಾಡಿದ ‘ಕಷ್ಟಾಚೀ ಭಾಕರ್’ ಊಟದ ಮನೆಯಲ್ಲಿ ನನಗೆ ಎಷ್ಟೋ ಸಲ ಝುಣಕಾ-ಭಾಕರಿ ಕೊಡಿಸಿದ್ದಾರೆ, ದುಡ್ಡು ಕೊಡಲು ಬಿಟ್ಟಿಲ್ಲ. ಮೊದಲು ನೂರು ಕಿಲೋ ಮೂಟೆ ಹೊರುತ್ತಿದ್ದೆವು, ಈಗಿನ ಐವತ್ತು ಕಿಲೋ ಮೂಟೆ ‘ಹುಡುಗರ ಆಟ’ ಎಂದು ನಗುತ್ತಾರೆ. ನಗುವಾಗ ಸೊಂಟದ ಮೇಲೆ ಕೈ ಇಟ್ಟುಕೊಂಡಿರುತ್ತಾರೆ.

2021ರಲ್ಲಿ ಬಾಬೂಜಿಗೆ ಲಕ್ವಾ ಹೊಡೆಯಿತು. ಎಡಗೈ ಬಿತ್ತು, ಮಾತು ತೊದಲಿತು. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಹಿಡಿದದ್ದು ಒಂದೇ ಹಟ, ‘ನನ್ನನ್ನು ಊರಿಗೆ ಕರಕೊಂಡು ಹೋಗಿ’. ನಲವತ್ತು ವರ್ಷ ಬೀಗ ಹಾಕಿದ್ದ ಹವೇಲಿ ತೆಗೆಸಿದರು. ಗಾಳಾ ಬಾಡಿಗೆಗೆ ಹೋಯಿತು. ಮಾಸಾ, ಬಾಬೂಜಿ, ಸೇಠ ಖೀಚನ್‌ಗೆ ಹೋದರು. ಮಗನ ಶಾಲೆ ಇದ್ದದ್ದರಿಂದ ಸೇಠನ ಹೆಂಡತಿ ಪುಣೆಯಲ್ಲೇ ಉಳಿದಳು. ಒಂದೆರಡು ವರ್ಷದ ಮಾತು ಎಂದಿದ್ದ.

ಕಳೆದ ಡಿಸೆಂಬರಿನ ರಜೆಗೆ ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆ ಬಂದಾಗ ಮಗಳು ಒಂಟೆ ಎಂದಳು, ಹೆಂಡತಿ ಜೈಸಲ್ಮೇರ್ ಎಂದಳು, ನಾನು ಖೀಚನ್ ಎಂದೆ. ನನಗೆ ಬೇರೆ ಕಾರಣವೂ ಇತ್ತು. ಎರಡು ತಿಂಗಳಿಂದ ಅಣ್ಣ ಲಕ್ಷ್ಮೇಶ್ವರದಿಂದ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದ. ಹಳೇ ಮನೆಯ ಹಿತ್ತಲ ಕಡೆಯ ಮಾಳಿಗೆ ಕುಸಿಯುತ್ತಿದೆ. “ನೀ ಮುಂದ ಬಂದ್ ಇರಾಂವ ಇದ್ರ ರಿಪೇರಿ ಮಾಡಸೂಣು. ಇಲ್ಲಂದ್ರ ಕೇಳಾಂವ ಒಬ್ಬ ಅದಾನ, ಮಾರಿ ಕೈತೊಳಕೊಳ್ಳೂಣು. ಏನರ ಒಂದ್ ಹೇಳು.” ಹದಿನೇಳು ವರ್ಷದಿಂದ ಪುಣೆಯಲ್ಲಿದ್ದೇನೆ. ‘ಮುಂದೆ ಊರಿಗೆ ಹೋಗಿ ಇರುತ್ತೇವೆ’ ಎಂಬ ಮಾತನ್ನು ಪ್ರತಿ ಯುಗಾದಿಗೆ ಒಮ್ಮೆ ಹೇಳುತ್ತೇವೆ, ನಮ್ಮ ಕನ್ನಡ ಬಳಗದಲ್ಲಿ ಹೇಳದವರಿಲ್ಲ. ಹೋದವನು ಮಾತ್ರ ನನಗೆ ಗೊತ್ತಿರುವವರಲ್ಲಿ ಒಬ್ಬನೇ, ಅವನು ಕನ್ನಡಿಗನೂ ಅಲ್ಲ.

ಹೊರಡುವ ಹಿಂದಿನ ದಿನ ಮಾಸಾಗೆ ಇಂದ್ರಾಯಣಿ ಅಕ್ಕಿ ಮತ್ತು ಬೆಲ್ಲ ಕೊಳ್ಳಲು ಭುಸಾರಕ್ಕೆ ಹೋದೆ. ಕಾಕಾ ಕಾದಿದ್ದರು. ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಕೊಟ್ಟರು: ಇಪ್ಪತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. “ಸೇಠರಿಗೆ ಕೊಡು. ಬಳ್ಳೊಳ್ಳಿ ಹಾಕಿಲ್ಲಂತ ಹೇಳು. ನಿಮ್ಮ ಕಾಕು ಬ್ಯಾರೆ ಮಾಡ್ಯಾಳ ಅವರ ಸಲುವಾಗಿ.”

ಬೆಂಗಳೂರಿನಿಂದ ಜೋಧಪುರಕ್ಕೆ ಹೋಗುವ ರೈಲು ಹುಬ್ಬಳ್ಳಿ, ಬೆಳಗಾವಿ, ಮಿರಜ ದಾಟಿ ಪುಣೆಗೆ ಬರುತ್ತದೆ. ಇದರಲ್ಲಿ ಕೂತರೆ ಮರುಭೂಮಿಗೆ ಹೊರಟಿದ್ದೇವೆ ಎಂದು ಅನ್ನಿಸುವುದೇ ಇಲ್ಲ. ನಮ್ಮ ಎದುರಿನ ಸೀಟಿನಲ್ಲಿದ್ದದ್ದು ಹುಬ್ಬಳ್ಳಿಯಲ್ಲಿ ಹತ್ತಿದ ಒಂದು ಮಾರವಾಡಿ ಕುಟುಂಬ, ಗದಗದಲ್ಲಿ ಬಟ್ಟೆ ಅಂಗಡಿ. ಅಜ್ಜಿ ಸೊಸೆಗೆ ಮಾರವಾಡಿಯಲ್ಲಿ ಬೈಯುತ್ತಿದ್ದರು, ಮೊಮ್ಮಗ ಅಪ್ಪನಿಗೆ ಕನ್ನಡದಲ್ಲಿ “ಅಪ್ಪಾಜಿ, ಚಾ ಬೇಕ್ರಿ” ಅನ್ನುತ್ತಿದ್ದ. ನನ್ನ ಮಗಳು ಕನ್ನಡಕ್ಕೆ ಮರಾಠಿಯಲ್ಲಿ ಉತ್ತರಿಸುವವಳು, ಆ ಹುಡುಗನ ಜೊತೆ ಒಂದು ರಾತ್ರಿ, ಒಂದು ಹಗಲು ಆಡಿ ಜೋಧಪುರದಲ್ಲಿ ಇಳಿಯುವಾಗ “ಹೊಂಟೇವಿ ನಾವು” ಅಂದಳು. ನಮ್ಮ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಇಷ್ಟು ಆಗಿರಲಿಲ್ಲ.

ಜೋಧಪುರದಿಂದ ಫಲೋದಿಗೆ ಸುಮಾರು ನೂರನಲವತ್ತು ಕಿಲೋಮೀಟರ್. ಸೇಠ ಕಾರು ಕಳಿಸಿದ್ದ. ದಾರಿಯಲ್ಲಿ ಓಸಿಯಾಂನ ಹಳೆಯ ಗುಡಿಗಳು. ಸಚ್ಚಿಯಾಯ ಮಾತೆಯ ಗುಡಿಯ ಮೆಟ್ಟಿಲು ಹತ್ತಿ ಇಳಿದೆವು. ನಾನು ನಿಜವಾಗಿ ನೋಡುತ್ತಿದ್ದದ್ದು ಹೊಲಗಳ ನಡುವಿನ ಮರಗಳನ್ನು. ಮರುಭೂಮಿ ಎಂದರೆ ಸಿನಿಮಾದಲ್ಲಿ ತೋರಿಸುವ ಬರೀ ಮರಳಲ್ಲ. ಕಟಾವಾದ ಸಜ್ಜೆ ಹೊಲ, ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ಸಣ್ಣ ಎಲೆಯ, ಗಂಟುಗಂಟು ಕಾಂಡದ ಮರ. ಡ್ರೈವರ್ ‘ಖೇಜಡಿ’ ಅಂದ. ರಾಜಸ್ಥಾನದ ರಾಜ್ಯ ವೃಕ್ಷ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅಮೃತಾ ದೇವಿ ಮತ್ತು ಬಿಷ್ಣೋಯಿ ಜನ, ಒಟ್ಟು 363 ಮಂದಿ, ಪ್ರಾಣ ಕೊಟ್ಟದ್ದು ಈ ಮರವನ್ನು ಉಳಿಸಲು. ಹೆಂಡತಿ ಕಾರು ನಿಲ್ಲಿಸಿ ಒಂದು ಟೊಂಗೆ ಹತ್ತಿರದಿಂದ ನೋಡಿ, “ರೀ, ಇದು ಬನ್ನಿ ಅಲ್ವಾ?” ಅಂದಳು. ಬನ್ನಿಯೇ! ದಸರೆಗೆ ಲಕ್ಷ್ಮೇಶ್ವರದಲ್ಲಿ ಹಿರಿಯರ ಕೈಗಿಟ್ಟು ಕಾಲಿಗೆ ಬೀಳುವ ಅದೇ ಬನ್ನಿ. ಪುಣೆಗೆ ಬಂದ ಮೇಲೆ ನಮಗದು ತಪ್ಪಿತ್ತು. ಇಲ್ಲಿ ದಸರೆಯಲ್ಲಿ ‘ಚಿನ್ನ’ವೆಂದು ಹಂಚುವುದು ಆಪ್ಟಾ ಎಲೆ, ಅದು ಬೇರೆಯೇ ಮರ.

ಫಲೋದಿ ಹತ್ತಿರವಾದಂತೆ ಸೋಲಾರ್ ಫಲಕ ಹೊತ್ತ ಲಾರಿಗಳು. ಭಡ್ಲಾದ ದೊಡ್ಡ ಸೋಲಾರ್ ಪಾರ್ಕ್ ಇರುವುದು ಇದೇ ಸೀಮೆಯಲ್ಲಿ. ಇರದೆ ಏನು, 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾದ ಊರು ಫಲೋದಿ. ಚುನಾವಣೆ ಬಂದಾಗ ಟಿವಿಯವರು ಹೇಳುವ ಸಟ್ಟಾ ಬಜಾರಿನ ಫಲೋದಿಯೂ ಇದೇ. ಇಲ್ಲಿ ಮಳೆಯ ಮೇಲೂ ಬಾಜಿ ಕಟ್ಟುತ್ತಾರೆ. ಮಳೆ ಅಪರೂಪವಾದ ಕಡೆ ಅದಕ್ಕೂ ಒಂದು ಬೆಲೆ ಬರುತ್ತದೆ ಅನ್ನಿ. ಅಲ್ಲಿಂದ ಖೀಚನ್ ನಾಲ್ಕೈದು ಕಿಲೋಮೀಟರ್.

ಖೀಚನ್ ನೋಡಿದರೆ ಮೊದಲು ಅನ್ನಿಸುವುದು, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಮನೆಗಳೇಕೆ? ಕೆಂಪು ಕಲ್ಲಿನ ಹವೇಲಿಗಳು, ಕುಸುರಿ ಕೆತ್ತಿದ ಕಿಟಕಿಗಳು, ಬಾಗಿಲಲ್ಲಿ ಬೀಗ. ಎಲ್ಲ ಹೊರಗೆ ಹೋಗಿ ದುಡಿದ ಜೈನ ವ್ಯಾಪಾರಿಗಳು ಕಟ್ಟಿಸಿದ್ದು. ಕಟ್ಟಿಸಿದವರು ದೂರದಲ್ಲೇ ಉಳಿದರು, ಮದುವೆಗೆ ಬಂದು ಹೋದರು. ಸೇಠನ ಓಣಿಯಲ್ಲಿ ಹನ್ನೊಂದು ಬಾಗಿಲು ಎಣಿಸಿದೆ, ತೆರೆದದ್ದು ಮೂರು.

ಮಾಸಾ ಬಾಗಿಲಲ್ಲೇ ನಿಂತಿದ್ದರು. ನನ್ನ ಮಗಳನ್ನು ಹತ್ತಿರ ಎಳೆದುಕೊಂಡು ಶುದ್ಧ ಪುಣೇರಿ ಮರಾಠಿಯಲ್ಲಿ ಮಾತಿಗೆ ಕೂತವರು ಒಂದು ಗಂಟೆ ಬಿಡಲಿಲ್ಲ. ಶಾಲೆ ಯಾವುದು, ಟೀಚರ್ ಮರಾಠಿಯವರೋ, ಬಿಬ್ವೇವಾಡಿಯ ರಸ್ತೆ ಅಗೆಯುವುದು ಮುಗಿಯಿತೋ, ಹೂವಿನ ಮಾರ್ಕೆಟ್‌ನಲ್ಲಿ ಶೇವಂತಿ ಏನು ರೇಟು. ಅವರು ಹುಟ್ಟಿದ್ದು ಖೀಚನ್‌ನಿಂದ ದೂರವಲ್ಲದ ಹಳ್ಳಿಯಲ್ಲಿ, ಮದುವೆಯಾಗಿ ಪುಣೆಗೆ ಬಂದಾಗ ಹದಿನೆಂಟು. ಐವತ್ತು ವರ್ಷ ಅಲ್ಲಿದ್ದು ಈಗ ಇಲ್ಲಿ. “ಮರಾಠಿ ಮಾತಾಡದೆ ನಾಲಿಗೆ ಜಡ್ಡುಗಟ್ಟಿತ್ತು,” ಅಂದರು.

ಬಾಬೂಜಿ ಅಂಗಳದ ಮಂಚದ ಮೇಲೆ ಒರಗಿದ್ದರು, ಹೆಗಲ ಮೇಲೆ ಕಂಬಳಿ. ಗುರುತು ಹಿಡಿದರು, ಹೆಸರು ಬಾಯಿಗೆ ಬರಲಿಲ್ಲ. “ಅಣ್ಣಾ,” ಅಂದರು. ಪುಣೆಯಲ್ಲಿ ದಕ್ಷಿಣದವರೆಲ್ಲ ಅಣ್ಣಾಗಳೇ, ಎಪ್ಪತ್ತು ದಾಟಿದವರ ಬಾಯಲ್ಲೂ. ಗಂಟು ಬಿಚ್ಚಿ ಕಾಕಾ ಕೊಟ್ಟದ್ದು ಎಂದು ಮುಂದಿಟ್ಟೆ. ಬಲಗೈಯಿಂದ ಒಂದು ರೊಟ್ಟಿ ತೆಗೆದು, ಮುರಿದು, ಮುರಿದ ಸದ್ದು ಕೇಳಿ ತಲೆ ಆಡಿಸಿದರು. ಚಟ್ನಿ ಡಬ್ಬಿ ನೋಡಿ ಮಾಸಾ ನನ್ನ ಮುಖ ನೋಡಿದರು. ಬೆಳ್ಳುಳ್ಳಿ ಹಾಕಿಲ್ಲ ಎಂದೆ. “ಗೊತ್ತು, ಆತ ಹಾಕಿಸುವುದಿಲ್ಲ,” ಅಂದರು. ಗಟ್ಟಿ ರೊಟ್ಟಿ ಬಾಬೂಜಿಗೆ ಅಗಿಯಲಾಗದು. ಮಾಸಾ ಅದನ್ನು ಪುಡಿ ಮಾಡಿ ಹಾಲಿನಲ್ಲಿ ನೆನೆಸಿ ಕೊಟ್ಟರು. ಮೂರು ದಿನ ಬೆಳಗ್ಗೆ ಅದೇ ಅವರ ನಾಷ್ಟಾ.

ಊಟಕ್ಕೆ ಸಜ್ಜಿ ರೊಟ್ಟಿ, ಕಢಿ, ಮಟಕಿ ಪಲ್ಯ, ಕೈರ್-ಸಾಂಗ್ರಿ. ಸಾಂಗ್ರಿ ಎಂದರೆ ಖೇಜಡಿಯ ಕಾಯಿ, ಅಂದರೆ ಬನ್ನಿಕಾಯಿ, ಒಣಗಿಸಿ ಇಟ್ಟದ್ದು. ನಾವು ಬನ್ನಿಯನ್ನು ಪೂಜೆ ಮಾಡಿ ಬಿಟ್ಟುಬಿಡುತ್ತೇವೆ, ಇವರು ಪೂಜೆಯನ್ನೂ ಮಾಡಿ ಪಲ್ಯವನ್ನೂ ಮಾಡುತ್ತಾರೆ. ಬರದ ನಾಡಿನವರ ಜಾಣತನ. ನಮ್ಮದೂ ಬರದ ನಾಡೇ, ನಮಗೆ ಯಾಕೆ ಹೊಳೆಯಲಿಲ್ಲವೋ.

ರಾತ್ರಿ ಮಾಳಿಗೆಯ ಮೇಲೆ ಸೇಠ, ನಾನು. ಹಲ್ಲು ಕಟಕಟ ಅನ್ನುವ ಚಳಿ, ಎರಡೆರಡು ರಜಾಯಿ. ನನಗಿದ್ದ ಪ್ರಶ್ನೆ ಕೇಳಿದೆ: ಊರಿಗೆ ವಾಪಸ್ ಬಂದು ಇರಬಹುದೇನೋ? ಅವನು ಕೂಡಲೇ ಉತ್ತರಿಸಲಿಲ್ಲ.

“ಅಣ್ಣಾ, ವಾಪಸ್ ಬಂದದ್ದು ಬಾಬೂಜಿ. ನಾನಲ್ಲ. ನಾನು ಹುಟ್ಟಿದ್ದು ಪುಣೆಯಲ್ಲಿ, ನನಗೆ ಈ ಊರು ಅಂದರೆ ಮದುವೆ ಮನೆಯ ಲಾಡು. ಇಲ್ಲಿಯವರು ನನ್ನನ್ನು ಏನಂತಾರೆ ಗೊತ್ತಾ? ಪೂನಾವಾಲಾ.”

ನಾನು ನಕ್ಕೆ. ಪುಣೆಯಲ್ಲಿ ಅವನು ಮಾರವಾಡಿ, ನಾನು ಅಣ್ಣಾ. ಲಕ್ಷ್ಮೇಶ್ವರದಲ್ಲಿ ನನ್ನ ಹೆಸರು ‘ಪುಣೇದವರು’.

ಆಮೇಲೆ ಅವನು ಲೆಕ್ಕ ಹೇಳಿದ. ಎಂಸಿಎಯಲ್ಲಿ ನಮ್ಮ ಪ್ರಾಜೆಕ್ಟಿನ ಲೆಕ್ಕ ಬರೆದವನು ಅವನೇ, ಅಭ್ಯಾಸ ಹೋಗಿಲ್ಲ. ಕಲ್ಲು ಗಟ್ಟಿಯಿತ್ತು, ಮರಮುಟ್ಟು ಗೆದ್ದಲು ಹಿಡಿದಿತ್ತು. ಅದು ದುಡ್ಡಿನಿಂದ ಆಗುವ ಕೆಲಸ. ಹವೇಲಿಗೆ ಒಂಬತ್ತು ಪಾಲುದಾರರು, ನಾಲ್ಕು ರಾಜ್ಯದಲ್ಲಿ. ಒಂದು ಬಾಗಿಲು ಬದಲಾಯಿಸಲೂ ಎಲ್ಲರಿಗೆ ಫೋನ್. ಅದಕ್ಕೆ ವರ್ಷ ಹಿಡಿಯಿತು. ದೊಡ್ಡ ಡಾಕ್ಟರ್ ಜೋಧಪುರದಲ್ಲಿ, ಎರಡೂವರೆ ತಾಸು. ಫಲೋದಿ ಮಂಡಿಯಿಂದ ಮಟಕಿ, ಜೀರಿಗೆ ಖರೀದಿಸಿ ಪುಣೆಯ ನಾಲ್ಕು ಗಾಳಾಗಳಿಗೆ ಕಳಿಸುತ್ತಾನೆ, ಖರ್ಚು ನಡೆಯುತ್ತದೆ. ಮಗ ವಿಡಿಯೋ ಕಾಲ್‌ನಲ್ಲಿ ಬೆಳೆಯುತ್ತಿದ್ದಾನೆ. “ಬೆಳಗ್ಗೆ, ಸಂಜೆ ಹೇಗೋ ಹೋಗುತ್ತೆ. ಮಧ್ಯಾಹ್ನ ಕಷ್ಟ. ಯಾರ್ಡ್‌ನಲ್ಲಿ ಮಧ್ಯಾಹ್ನ ಅಂದರೆ ಹತ್ತು ಜನ ಬಂದು ಚಹಾ ಕುಡಿದು ಜಗಳ ಆಡಿ ಹೋಗುವ ಹೊತ್ತು. ಇಲ್ಲಿ ಅಪ್ಪ ಮಲಗಿರುತ್ತಾರೆ, ಅಮ್ಮ ಮಲಗಿರುತ್ತಾಳೆ, ನಾನು ಬೀಗ ಹಾಕಿದ ಮನೆಗಳ ಓಣಿಯಲ್ಲಿ ಮೂರು ಸುತ್ತು ಹಾಕಿ ಬರುತ್ತೇನೆ.”

ಹಾಗಾದರೆ ಪುಣೆಗೆ ಬಂದುಬಿಡು ಎಂದೆ. ಬಾಬೂಜಿ ಇರುವವರೆಗೆ ಆಗುವುದಿಲ್ಲ ಎಂದ. ಒಂದು ಗಳಿಗೆ ಬಿಟ್ಟು, “ಅವರೂ ಈಗ ಕೇಳುತ್ತಿರುತ್ತಾರೆ, ಗಾಳಾಕ್ಕೆ ಒಂದು ಸಲ ಕರಕೊಂಡು ಹೋಗು ಅಂತ. ಪ್ರಯಾಣ ತಡೆಯಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ನಾಳೆ ಬೆಳಗ್ಗೆ ಬಾ, ಇಲ್ಲಿ ಅವರು ಹೋಗುವ ಒಂದೇ ಜಾಗ ತೋರಿಸುತ್ತೇನೆ,” ಅಂದ.

ಆ ಜಾಗ ಚುಗ್ಗಾ ಘರ್. ಖೀಚನ್‌ಗೆ ಪ್ರವಾಸಿಗಳು ಬರುವುದೇ ಅದಕ್ಕೆ. ಸೆಪ್ಟೆಂಬರಿನ ಹೊತ್ತಿಗೆ ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಕುರ್ಜಾ ಹಕ್ಕಿಗಳು ಮಾರ್ಚ್‌ವರೆಗೆ ಈ ಸೀಮೆಯಲ್ಲಿರುತ್ತವೆ. ಕ್ರೌಂಚಗಳಲ್ಲೇ ಸಣ್ಣ ಜಾತಿ: ಬೂದು ಮೈ, ಕಪ್ಪು ಕತ್ತು, ಕಣ್ಣ ಹಿಂದೆ ಬಿಳಿ ಗರಿಯ ಕುಚ್ಚು. ಊರವರು ಹೇಳುವ ಕಥೆಯಂತೆ 1970ರ ದಶಕದಲ್ಲಿ, ಹೊರನಾಡಿನಲ್ಲಿದ್ದು ಊರಿಗೆ ಮರಳಿದ್ದ ರತನ್‌ಲಾಲ್ ಮಾಲೂ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದರು, ಚಳಿಗಾಲದಲ್ಲಿ ನಾಲ್ಕಾರು ಕುರ್ಜಾಗಳೂ ಬಂದು ಸೇರಿದವು. ವರ್ಷ ವರ್ಷ ಹೆಚ್ಚಾಗಿ ಈಗ ಸಾವಿರಾರು. ಊರಂಚಿನಲ್ಲಿ ಬೇಲಿ ಹಾಕಿದ ಅಂಗಳ, ಅಲ್ಲಿ ರಾತ್ರಿಯೇ ಮೂಟೆಗಟ್ಟಲೆ ಕಾಳು ಹರಡುತ್ತಾರೆ. ಕಾಳಿನ ದುಡ್ಡು ಹೆಚ್ಚಾಗಿ ಹೊರಗೆ ಹೋದವರಿಂದ ಬರುತ್ತದೆ. ಕಾಲೇಜು ದಿನಗಳಲ್ಲಿ ಬಾಬೂಜಿಯ ಲೆಕ್ಕದ ಪುಸ್ತಕದಲ್ಲಿ ದೀಪಾವಳಿಯ ಹೊತ್ತಿಗೆ ‘ಕುರ್ಜಾ ಖಾತೆ’ ಎಂಬ ಸಾಲು ನೋಡಿ ಇದು ಯಾರು ಎಂದು ಕೇಳಿದ್ದೆ. “ಮೆಹಮಾನ್,” ಅಂದಿದ್ದರು. ಇಲ್ಲಿಯ ಜನಪದ ಹಾಡುಗಳಲ್ಲಿ, ದುಡಿಯಲು ದೂರ ಹೋದ ಗಂಡನಿಗೆ ಹೆಂಡತಿ ಸಂದೇಶ ಕಳಿಸುವುದು ಈ ಹಕ್ಕಿಯ ಕೈಯಲ್ಲೇ.

ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೆ ದೂರದಲ್ಲಿ ಸದ್ದು. ಆಮೇಲೆ ಆಕಾಶದಲ್ಲಿ ಗೆರೆಗಳು. ಬಂದವು ನೇರ ಇಳಿಯುವುದಿಲ್ಲ, ಸುತ್ತಿ ಸುತ್ತಿ ಹೊರಗಿನ ದಿಬ್ಬದ ಮೇಲೆ ಇಳಿದು, ಒಂದಿಷ್ಟು ಹೊತ್ತು ಕತ್ತು ಎತ್ತಿ ನೋಡಿ, ಒಂದು ಗುಂಪು ಧೈರ್ಯ ಮಾಡಿದ ಮೇಲೆ ಉಳಿದವು ಹಿಂದೆ. ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ನೆಲ ಕಾಣದು. ಪಕ್ಕದವನ ಮಾತೂ ಕೇಳದು. ಮಗಳು ಎಣಿಸಲು ಹೋಗಿ ಇನ್ನೂರಕ್ಕೆ ಕೈಬಿಟ್ಟಳು. ನನಗೆ ನೆನಪಾದದ್ದು ಮಾಗಡಿ ಕೆರೆ. ಲಕ್ಷ್ಮೇಶ್ವರದಿಂದ ಸೈಕಲ್ ತುಳಿದು ನಾವು ನೋಡಲು ಹೋಗುತ್ತಿದ್ದ ಪಟ್ಟೆತಲೆಯ ಹೆಬ್ಬಾತುಗಳೂ ಹೀಗೇ ಮಂಗೋಲಿಯಾ ಕಡೆಯಿಂದ ಬರುವಂಥವು. ಮಾಗಡಿ 2024ರಲ್ಲಿ ರಾಮ್ಸರ್ ತಾಣವಾಯಿತು, ಖೀಚನ್ 2025ರಲ್ಲಿ. ಮಾಗಡಿಯ ಹೆಬ್ಬಾತಿಗೆ ಯಾರೂ ಕಾಳು ಹಾಕುವುದಿಲ್ಲ, ಅವು ರಾತ್ರಿ ರೈತರ ಹೊಲದಲ್ಲಿ ಮೇದುಕೊಳ್ಳುತ್ತವೆ. ರೈತರು ಬೈದುಕೊಂಡು ಸುಮ್ಮನಿರುತ್ತಾರೆ.

ಪಕ್ಕದ ಮನೆಯ ಮಾಳಿಗೆಯಲ್ಲಿ ಗಾಲಿ ಕುರ್ಚಿ ಹಾಕಲು ಆಗದು, ಹಾಗಾಗಿ ಬಾಬೂಜಿ ಕಾಳು ಕೂಡಿಡುವ ಕೋಣೆಯ ಬಾಗಿಲಲ್ಲಿ ಕೂರುತ್ತಾರೆ. ಅವರಿಗೆ ಹಕ್ಕಿಗಿಂತ ಮೂಟೆ ಮುಖ್ಯ. ನಾವು ಬಂದಾಗ ಒಂದು ಮೂಟೆಯ ಬಾಯಿ ಬಿಚ್ಚಿಸಿ, ಬಲಗೈ ಹಿಡಿ ತುಂಬಿಸಿ, ಬೆರಳ ಸಂದಿಯಿಂದ ಕಾಳು ಜಾರಿಸಿ ನೋಡುತ್ತಿದ್ದರು. ಜೋಳ. ನಮ್ಮ ಜೋಳವೇ. “ಹಸಿ,” ಅಂದರು ಮಗನಿಗೆ. ಒಣಗಿಲ್ಲ, ಎರಡು ವಾರ ಇಟ್ಟರೆ ಹುಳ ಬೀಳುತ್ತದೆ ಎಂಬ ಅರ್ಥ. ಇಡೀ ವಾಕ್ಯ ಬಾರದಿದ್ದರೂ ಆ ಒಂದು ಶಬ್ದ ಸ್ಪಷ್ಟವಾಗಿತ್ತು. ಕಾಳು ಹಾಕುವ ಹುಡುಗ ಮೂಟೆಯನ್ನು ಬಿಸಿಲಿಗೆ ಎಳೆದ.

ಆಮೇಲೆ ನನ್ನ ಕಡೆ ತಿರುಗಿ, “ಮಟಕಿ ಕಾ ಭಾವ್?” ಅಂದರು. ನನಗೆ ಗೊತ್ತಿರಲಿಲ್ಲ. ಕಾಕಾಗೆ ಫೋನ್ ಹಚ್ಚಿದೆ. ಯಾರ್ಡ್‌ನಲ್ಲಿ ಲಾರಿ ಇಳಿಸುವ ಹೊತ್ತು, ಗಲಾಟೆ. ಸ್ಪೀಕರ್ ಹಾಕಿದ ಕೂಡಲೇ ಕಾಕಾ ಹಿಂದಿ-ಮರಾಠಿ ಬೆರೆಸಿ ದೊಡ್ಡ ದನಿಯಲ್ಲಿ ಶುರುಮಾಡಿದರು: ಮಟಕಿ ಇಷ್ಟು, ಹೆಸರು ಇಷ್ಟು, ತೊಗರಿ ಬಿದ್ದಿದೆ, ಎದುರಿನ ಗಾಳಾದವ ಮಗನಿಗೆ ಬಿಟ್ಟುಕೊಟ್ಟ, ಗಣಪತಿಗೆ ನಿಮ್ಮ ಹೆಸರಿನಲ್ಲಿ ವರ್ಗಣಿ ಹಾಕಿದ್ದೇವೆ. ಬಾಬೂಜಿ ಕಣ್ಣು ಮುಚ್ಚಿ ಕೇಳಿದರು. ತೊಗರಿಯ ರೇಟಿಗೆ ಮಾತ್ರ ಕಣ್ಣು ತೆರೆದು, ನಂಬುವುದಿಲ್ಲ ಎಂಬಂತೆ ಮಗನ ಕಡೆ ನೋಡಿದರು. ಕೊನೆಗೆ ಕಾಕಾ ಕನ್ನಡಕ್ಕೆ ಬಂದು, “ತಮ್ಮಾ, ಸೇಠರು ಹ್ಯಾಂಗದಾರ? ಖರೇ ಹೇಳು,” ಅಂದರು. ಸ್ಪೀಕರ್ ಇನ್ನೂ ಇತ್ತು. ಅಲ್ಲಿ ಕನ್ನಡ ಬಲ್ಲವರು ನಾವಷ್ಟೇ. “ರೊಟ್ಟಿ ತಿಂತಾರ ಕಾಕಾ, ಹಾಲಾಗ ನೆನಸಿ,” ಎಂದೆ. ಸ್ವಲ್ಪ ಹೊತ್ತು ಲಾರಿ ಸದ್ದು ಮಾತ್ರ ಕೇಳಿತು.

ಮೂರನೇ ದಿನ ಹೊರಟೆವು. ಮಾಸಾ ಒಣಗಿಸಿದ ಸಾಂಗ್ರಿಯ ಎರಡು ಪೊಟ್ಟಣ ಕೊಟ್ಟರು, ಒಂದು ನಮಗೆ, ಒಂದು ಕಾಕಾಗೆ. ರಾತ್ರಿ ಪೂರ್ತಿ ನೆನೆಸಬೇಕು, ಮಜ್ಜಿಗೆ ಹಾಕಿ ಬೇಯಿಸಬೇಕು ಎಂದು ಹೆಂಡತಿಗೆ ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು. ದಾರಿಯಿಂದ ಕಾಕಾಗೆ ತಿಳಿಸಿದಾಗ, “ಬನ್ನಿಕಾಯಿ ತಿಂತಾರೇನೋ ಅಲ್ಲೆ! ದೇವರ ಗಿಡ ಅದು,” ಎಂದು ಬೆಚ್ಚಿಬಿದ್ದರು, ಒಂದು ನಿಮಿಷ ಬಿಟ್ಟು, ಉಪ್ಪು ಎಷ್ಟು ಹಾಕಬೇಕು ಕೇಳು ಎಂದರು.

ರಾಮದೇವರಾ, ಪೋಖ್ರಣ್ ದಾಟಿ ಜೈಸಲ್ಮೇರ್. ಮಗಳು ಒಂಟೆ ಹತ್ತಿದಳು, ಸಮ್‌ನ ಮರಳ ದಿಣ್ಣೆಯಲ್ಲಿ ಉರುಳಿದಳು, ನಾವು ಎಲ್ಲರಂತೆ ಸೂರ್ಯಾಸ್ತದ ಫೋಟೋ ತೆಗೆದೆವು. ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ, ಕೋಟೆಯ ಬಗ್ಗೆ ನಿಮಗೆಲ್ಲ ಗೊತ್ತಿದೆ.

ಆ ರಾತ್ರಿ ಹೋಟೆಲಿನಿಂದ ಅಣ್ಣನಿಗೆ ಫೋನ್ ಮಾಡಿದೆ. ಮಾಳಿಗೆ ರಿಪೇರಿ ಮಾಡಿಸು, ನನ್ನ ಪಾಲಿನ ದುಡ್ಡು ಕಳಿಸುತ್ತೇನೆ, ಮಾರುವುದು ಬೇಡ ಅಂದೆ. “ಅಂದ್ರ ನೀ ಬರ್ತಿ?” ಅಂದ. ಗೊತ್ತಿಲ್ಲ ಅಂದೆ. ಅವನು ಸಿಟ್ಟಾಗಲಿಲ್ಲ. ಮೇಸ್ತ್ರಿ ಸೋಮವಾರ ಬರುತ್ತಾನೆ, ತೊಲೆ ತೇಗಿಂದು ಹಾಕಿಸಲೋ ಕಬ್ಬಿಣದ್ದೋ ಎಂದು ಕೇಳಿದ.